ಅರ್ಧಕ್ಕೆ ಬಿಟ್ಟ ಆರ್ಡರ್

"ನಿಮ್ಮ ಅಂಗಡಿ ಬಾಗಿಲು ಮುಚ್ಚಿದೆ ಕಣ್ರೀ!"

ತೆರೆದ ಬಾಗಿಲಿನ ಮುಂದೆಯೇ ನಿಂತು ಹೀಗೆ ಹೇಳಿದವನನ್ನು ರಮ್ಯಾ ತಲೆಯೆತ್ತಿ ನೋಡಿದಳು. ಕೈಯಲ್ಲಿ ಬಿಸಿ ಮರಳಿನ ಜರಡಿ, ಹಣೆಯ ಮೇಲೆ ಬೆವರು. ಬೆಳಗಿನಿಂದ ಒಲೆಯ ಮುಂದೆ ಕೂತು ರಾಗಿ ಅರಳಿಸುತ್ತಿದ್ದವಳ ಮನಸ್ಸು ಮೊದಲೇ ನೆಲೆಯಲ್ಲಿರಲಿಲ್ಲ.

"ಕಣ್ಣು ಕಾಣಲ್ವಾ? ಬಾಗಿಲು ತೆಗೆದೇ ಐತಲ್ಲ!"

"ಈ ಬಾಗಿಲಲ್ಲ..." ಅವನು ಮೊಬೈಲ್ ಮುಂದೆ ಹಿಡಿದ. ಅದರಲ್ಲಿ ಒಂದು ಚಕ್ರ ಸುತ್ತುತ್ತಲೇ ಇತ್ತು. "ಇದು. ಕೋಟೆ ಬಸ್‌ಸ್ಟ್ಯಾಂಡಲ್ಲಿ ಬಸ್ ಹತ್ತಿ ನಿಮ್ಮ ವೆಬ್‌ಸೈಟ್ ಒತ್ತಿದೆ. ಹ್ಯಾಂಡ್‌ಪೋಸ್ಟ್ ಸ್ಟಾಪೇ ಬಂತು, ನಿಮ್ಮ ಪುಟ ಬರ್ಲಿಲ್ಲ! ನಮ್ಮವ್ವನಿಗೆ ಹುರಿಹಿಟ್ಟು ಬೇಕಿತ್ತು. ಕೊನೆಗೆ ನಾನೇ ಬರಬೇಕಾಯ್ತು."

ಒಳಗಿನಿಂದ ಅಜ್ಜಿ ಮಲ್ಲಾಜಮ್ಮನ ನಗು ಕೇಳಿಸಿತು.

ರಮ್ಯಾಳ ಕಿವಿ ಬಿಸಿಯಾಯಿತು. ಮೂರು ತಿಂಗಳು ಮೊಬೈಲ್ ನೋಡಿ ಕಲಿತು, ತಾನೇ ಕಟ್ಟಿದ ವೆಬ್‌ಸೈಟು ಅದು. 'ಯಾರೋ ಗೊತ್ತಿಲ್ಲದವನು... ಬಂದ ಕೂಡಲೇ ತಪ್ಪು ಎಣಿಸುತ್ತಾನಲ್ಲ!'

ದೇವರು ಕೆಲವರನ್ನು ಕೈಗೆ ಹೂವು ಕೊಟ್ಟು ಕಳಿಸುತ್ತಾನೆ, ಕೆಲವರನ್ನು ತಪ್ಪು ತೋರಿಸಲು ಕಳಿಸುತ್ತಾನೆ. ಈ ಎರಡನೆಯವರ ಮೇಲೆ ಮೊದಲು ಬರುವುದು ಸಿಟ್ಟೇ.

ಅವನ ಹೆಸರು ಗೌರೀಶ್. ಹುಣಸೂರು ಕಡೆಯವನು. ಹ್ಯಾಂಡ್‌ಪೋಸ್ಟಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಮೇಜು ಹಿಡಿದು, ಸುತ್ತಲಿನ ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಸರಿಮಾಡಿಕೊಡುವುದು ಅವನ ಕೆಲಸ.

"ದಿನಕ್ಕೆ ಎಷ್ಟು ಜನ ನೋಡ್ತಾರೆ?" ಅವನು ಕೇಳಿದ.

"ನೂರು... ನೂರಿಪ್ಪತ್ತು."

"ಆರ್ಡರ್?"

ರಮ್ಯಾ ಜರಡಿಯ ಮರಳನ್ನು ಬಾಣಲೆಗೆ ಸುರಿದಳು. ಇದುವರೆಗೆ ಒಂದೂ ಬಂದಿರಲಿಲ್ಲ. ಸೋದರಮಾವ ಅಂಕಯ್ಯ ಖಂಡಿತವಾಗಿ ಹೇಳಿಬಿಟ್ಟಿದ್ದ: "ಯುಗಾದಿವರ್ಗೂ ನೋಡ್ತೀನಿ ಕಣವ್ವ. ಒಲೆ ನಡೆದ್ರೆ ನಡೀಲಿ. ಇಲ್ದಿದ್ರೆ ಹೊಸ ಅಗ್ರಹಾರದ ಸಂಬಂಧಕ್ಕೆ ಹೂಂ ಅನ್ನಬೇಕು." ತಾಯಿಯಿಲ್ಲದ ಅವಳನ್ನು ಸಾಕಿದ್ದು ಈ ಒಲೆ. ಇದನ್ನು ಆರಿಸಿ, ಮುಖ ನೋಡದ ಒಬ್ಬನ ಮನೆಗೆ ಹೋಗುವುದೇ? ಯುಗಾದಿಗೆ ಇನ್ನು ಏಳು ವಾರ.

"ನಾಳೆ ಬತ್ತೀನಿ," ಎಂದ ಗೌರೀಶ್. "ಸರಿಮಾಡೋಣ."

"ನಿಮ್ಮನ್ನ ಯಾರು ಕರೆದ್ರು?"

"ಹಸಿವು ಕರೀತು ಬುಡು ಮಗ, ಬರ್ಲಿ!" ಅಂದಳು ಅಜ್ಜಿ, ಅವನ ಕೈಗೆ ಹಾಲುಬೆಲ್ಲದಲ್ಲಿ ಕಲಸಿದ ಹುರಿಹಿಟ್ಟಿನ ಉಂಡೆಯಿಡುತ್ತ.

* * *

ಮರುದಿನ ಅವನು ಬಂದ. ಅದರ ಮರುದಿನವೂ ಬಂದ.

ಮೊದಲ ಪುಟದಲ್ಲಿ ಹನ್ನೆರಡು ದೇವರ ದೊಡ್ಡ ದೊಡ್ಡ ಪಟಗಳಿದ್ದವು. ಪುಟ ತೆರೆಯಲು ತಡವಾಗುತ್ತಿದ್ದುದೇ ಅದರಿಂದ.

"ದೇವ್ರನ್ನ ತೆಗೀತೀಯೇನೋ?" ಮಲ್ಲಾಜಮ್ಮನ ಕಣ್ಣು ಕೆಂಪಾಯಿತು.

"ತೆಗೆಯೋಕೆ ನಾನ್ಯಾರಜ್ಜಿ? ಎಲ್ರೂ ಬಾಗಿಲಲ್ಲೇ ನಿಂತ್ರೆ ಗಿರಾಕಿ ಎಲ್ಲಿಂದ ಬರಬೇಕು? ಚಿಕ್ಕದೇವಮ್ಮ ಒಬ್ಬಳು ಇರ್ಲಿ, ಚಿಕ್ಕ ಪಟದಲ್ಲಿ. ಮಿಕ್ಕವ್ರನ್ನ ಒಳಗೆ ಕೂರಿಸೋಣ."

ಅಜ್ಜಿ ಒಪ್ಪಿದಳು. ಪುಟ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ತೆರೆಯಿತು!

'ಅತ್ಯುತ್ತಮ ಗುಣಮಟ್ಟ' ಎಂಬ ಸಾಲನ್ನು ಅವನು ಅಳಿಸಿದ. "ಇದನ್ನ ಎಲ್ರೂ ಬರೀತಾರೆ, ಯಾರೂ ನಂಬಲ್ಲ. ಮಜ್ಜಿಗೆ ನೀರಲ್ಲಿ ನೆನೆಸ್ತೀವಿ, ಕಾದ ಮರಳಲ್ಲಿ ಅರಳಿಸ್ತೀವಿ ಅಂತ ಬರೀರಿ. ಮಾಡೋದನ್ನ ಹೇಳಿದ್ರೆ ಸಾಕು. ಬೆಲೆ ಯಾಕೆ ಬಚ್ಚಿಟ್ಟಿದ್ದೀರಾ? ಬೆಲೆ ಕಾಣ್ದೆ ಇದ್ರೆ ಜನ ಹೆದರ್ತಾರೆ."

ಆಮೇಲೆ ಆರ್ಡರ್ ಫಾರಂ ತೆರೆದು ನೋಡಿದವನು ನಗತೊಡಗಿದ. ನಿಲ್ಲಿಸಲೇ ಇಲ್ಲ.

"ಏನ್ರೀ ಅಂಥದ್ದು?"

"ಹೆಸರು, ತಂದೆ ಹೆಸರು, ಗ್ರಾಮ, ಹೋಬಳಿ... ಹನ್ನೊಂದು ಖಾನೆ! ಹುರಿಹಿಟ್ಟಿಗೋ, ಪಹಣಿಗೋ?"

ರಮ್ಯಾ ತಾಲ್ಲೂಕು ಕಚೇರಿಯ ಅರ್ಜಿಯನ್ನೇ ನೋಡಿ ಅದನ್ನು ಮಾಡಿದ್ದಳು. ಅವಳು ಕಂಡಿದ್ದ ಫಾರಂ ಅದೊಂದೇ!

"ಯಾರ ಮಕ್ಕಳು ಅಂತ ತಿಳೀದೆ ಹಿಟ್ಟು ಕೊಡೋದೆಂಗಪ್ಪ?" ಅಜ್ಜಿ ಪಟ್ಟು ಹಿಡಿದಳು.

"ಹೆಸರು, ಫೋನು, ವಿಳಾಸ. ಮೂರೇ ಸಾಕಜ್ಜಿ. ಒಂದೊಂದು ಖಾನೆ ಜಾಸ್ತಿ ಆದಂಗೂ ಒಬ್ಬೊಬ್ಬರು ಎದ್ದು ಹೋಗ್ತಾರೆ."

ರಮ್ಯಾ ಕೊನೆಗೆ ಒಂದನ್ನು ಮಾತ್ರ ತಾನೇ ಸೇರಿಸಿದಳು: 'ಏನಾದರೂ ಹೇಳುವುದಿದ್ದರೆ...' ಮನೆಗೆ ಬಂದವರನ್ನು ಅಷ್ಟಾದರೂ ಕೇಳಬೇಡವೇ?

ಗೌರೀಶ್ ಆ ಸಾಲನ್ನು ನೋಡಿದ. ಅವಳನ್ನೂ ನೋಡಿದ. "ಇದು ಇರ್ಲಿ," ಅಂದ ಮೆಲ್ಲಗೆ.

ಪಿರಿಯಾಪಟ್ಟಣದಿಂದ ಮೊದಲ ಆರ್ಡರ್ ಬಂದ ದಿನ ರಮ್ಯಾ ಕುಣಿದಾಡಿದಳು! ಆದರೆ ಅವಳ ಮನಸ್ಸಿಗೆ ಹೊಸದೊಂದು ಅಶಾಂತಿ ಹತ್ತಿತ್ತು. ಹನ್ನೊಂದು ಗಂಟೆಯ ಬಸ್ಸಿನ ಹಾರನ್ ಕೇಳಿದರೆ ಒಲೆಯ ಮೇಲಿನ ರಾಗಿ ಸೀಯುತ್ತಿತ್ತು. ಅವನು ಬಂದರೆ ಜಗಳ, ಬಾರದಿದ್ದರೆ ದಿನವೇ ಮುಗಿಯದು. 'ನನಗೇನಾಗಿದೆ? ವೆಬ್‌ಸೈಟ್ ಸರಿಮಾಡಲು ಬಂದವನು, ಮನಸ್ಸನ್ನೇಕೆ ಕೆಡಿಸುತ್ತಿದ್ದಾನೆ...'

* * *

"ಇಪ್ಪತ್ತೇಳು ಜನ ಕೊನೇ ಪುಟದವರ್ಗೂ ಬಂದು, ಹೆಸರು ಫೋನು ತುಂಬಿ, 'ಕಳಿಸು' ಒತ್ತದೆ ಹೋಗವ್ರೆ," ಎಂದ ಗೌರೀಶ್ ಒಂದು ದಿನ. "ಅರ್ಧಕ್ಕೆ ಬಿಟ್ಟ ಆರ್ಡರ್. ಒತ್ತದಿದ್ರೂ ನಂಬರು ಪಟ್ಟೀಲಿ ಉಳಿಯುತ್ತೆ. ಅವ್ರಿಗೊಂದು ಮೆಸೇಜ್ ಹಾಕೋಣ. ಎಷ್ಟೋ ಜನ ಮರೆತಿರ್ತಾರೆ, ನೆನಪಿಸಿದ್ರೆ ಬತ್ತಾರೆ."

"ಬ್ಯಾಡ!" ಮಲ್ಲಾಜಮ್ಮನ ಧ್ವನಿ ಗಟ್ಟಿಯಾಯಿತು. "ಹೊರಟೋರ್ನ ಹಿಂದಿನಿಂದ ಕೂಗಬಾರ್ದು. ಅವ್ರಿಗೂ ಒಳ್ಳೇದಲ್ಲ, ನಮಗೂ ಒಳ್ಳೇದಲ್ಲ."

ಆ ಸೀಮೆಯಲ್ಲಿ ಹೊಲಕ್ಕೆ ಹೊರಟ ಮಗನನ್ನು ತಾಯಿಯೂ ಹಿಂದಿನಿಂದ ಕರೆಯುವುದಿಲ್ಲ. ಮರೆತ ಬುತ್ತಿಯನ್ನು ಓಡಿಹೋಗಿ, ಮುಂದೆ ನಿಂತೇ ಕೊಡುತ್ತಾರೆ. ಗೌರೀಶನೂ ಅದೇ ನೀರು ಕುಡಿದವನು. ವಾದಿಸಲಿಲ್ಲ.

ಅವನು ಹೋದ ಮೇಲೆ, ಯಾರಿರಬಹುದು ಆ ಇಪ್ಪತ್ತೇಳು ಜನ ಎಂದು ರಮ್ಯಾ ತನ್ನ ಮೊಬೈಲಿನಲ್ಲಿ ಪಟ್ಟಿ ತೆರೆದಳು.

ಒಂದೇ ನಂಬರು... ಮತ್ತೆ ಅದೇ... ಮತ್ತೆ ಅದೇ! ದಿನಾ ಬೆಳಿಗ್ಗೆ, ತಪ್ಪದೆ.

ಗೌರೀಶನ ನಂಬರು!

ಮೊಬೈಲನ್ನು ಮಗುಚಿಟ್ಟಳು. 'ತಾನೇ ಬಂದು ತಾನೇ ಹೋಗಿ ಲೆಕ್ಕ ಏರಿಸಿದನೇ? ಜನ ಬರುತ್ತಿದ್ದಾರೆಂದು ನನಗೆ ಆಸೆ ಹುಟ್ಟಿಸಿದ್ದೆಲ್ಲ ಸುಳ್ಳೇ?'

ಮರುದಿನ ಅವನು ಮೆಟ್ಟಿಲು ಹತ್ತುವ ಮೊದಲೇ ಅವಳು ಎದ್ದು ನಿಂತಳು.

"ಅರ್ಧಕ್ಕೆ ಬಿಟ್ಟ ಆರ್ಡರೆಲ್ಲ ನೋಡ್ದೆ! ದಿನಾ ಬೆಳಿಗ್ಗೆ ನಿಮ್ಮದೇ!"

ಗೌರೀಶ್ ಮೆಟ್ಟಿಲ ಕೆಳಗೇ ನಿಂತ. "ನೋಡಿದ್ರಾ... ಎಲ್ಲಾನೂ?"

"ಎಲ್ಲಾನೂ! ನಾಚಿಕೆ ಆಗ್ಲಿಲ್ವಾ ನಿಮಗೆ?"

ಅವನು ತಲೆ ತಗ್ಗಿಸಿದ.

"ಆಗ್ತಿತ್ತು ರಮ್ಯಾ. ಅದಕ್ಕೇ ಕಳಿಸ್ಲಿಲ್ಲ."

ಅದೇನು ಮಾತೆಂದು ಅವಳಿಗೆ ಅರ್ಥವಾಗಲಿಲ್ಲ. ಸಿಟ್ಟಿನ ಕಿವಿಗೆ ಅರ್ಧ ಮಾತೇ ಕೇಳುವುದು. "ಇನ್ಮೇಲೆ ಬರಬೇಡಿ!" ಅಂದುಬಿಟ್ಟಳು.

ಅವನು ಹೊರಟ. ಅವನು ರಸ್ತೆ ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತು ನೋಡಿದಳು. ಕರೆಯಲಿಲ್ಲ... ಹಿಂದಿನಿಂದ ಹೇಗೆ ಕರೆಯುವುದು?

* * *

ಒಂದು ವಾರ ಹನ್ನೊಂದು ಗಂಟೆಯ ಬಸ್ಸು ಬಂತು, ಹೋಯಿತು. ಯಾರೂ ಇಳಿಯಲಿಲ್ಲ. ಜೆರಾಕ್ಸ್ ಅಂಗಡಿಯ ಮೇಜೂ ಖಾಲಿ.

ಅವನಿಲ್ಲದ ಅಂಗಡಿಯಲ್ಲಿ ರಮ್ಯಾ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಜರಡಿ ಹಿಡಿದು ಹಿತ್ತಲಿಗೆ ಹೋಗುವಳು, ಯಾಕೆ ಬಂದೆನೆಂದು ಮರೆತು ವಾಪಸಾಗುವಳು. ಚಿಕ್ಕದೇವಮ್ಮನ ಮುಂದೆ ಹಚ್ಚಿದ ದೀಪವನ್ನೇ ಮತ್ತೆ ಹಚ್ಚಲು ಹೋಗುವಳು.

ಅಂಕಯ್ಯ ಬಂದ. "ಯುಗಾದಿ ಹತ್ರ ಬಂತು. ಹೊಸ ಅಗ್ರಹಾರದೋರು ನಿನ್ನ ನೋಡಕ್ಕೆ ಶುಕ್ರವಾರ ಬತ್ತಾವ್ರೆ. ಆರ್ಡರು ವಾರಕ್ಕೆ ನಾಕೋ ಐದೋ ಅಂದ್ರೆ ಒಲೆ ಉರಿಯಕಿಲ್ಲ ಕಣವ್ವ. ಏನಂತೀಯಾ?"

"ಸಂಜೆ ಹೇಳ್ತೀನಿ ಮಾವ."

ಅವನು ಕೋಟೆಗೆ ಹೋದ. ಮಧ್ಯಾಹ್ನದ ಬಿಸಿಲು ಬಾಗಿಲಲ್ಲಿ ಬಿದ್ದಿತ್ತು. ವೆಬ್‌ಸೈಟ್ ಮುಚ್ಚಿಬಿಡೋಣವೆಂದು ರಮ್ಯಾ ಮೊಬೈಲ್ ತೆಗೆದಳು. ಕೊನೆಯ ಬಾರಿ ಆ ಪಟ್ಟಿ ನೋಡಿದಳು. ಒಂದು ವಾರದಿಂದ ಅದಕ್ಕೆ ಹೊಸದೇನೂ ಸೇರಿರಲಿಲ್ಲ. ಎಣಿಸಿದಳು. ಒಟ್ಟು ನಲವತ್ತಾರು. ಗೌರೀಶನವು ಹತ್ತೊಂಬತ್ತು. ಅವನ್ನು ತೆಗೆದರೆ...

ಇಪ್ಪತ್ತೇಳು.

'ಅವನು ಹೇಳಿದ್ದು ಇಪ್ಪತ್ತೇಳೇ! ತನ್ನದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ...'

ಅವಳ ಬೆರಳು ಅವನ ಒಂದು ಸಾಲನ್ನು ಮುಟ್ಟಿತು. ಸಾಲು ತೆರೆದುಕೊಂಡಿತು. ಅಂದು ಅವಳು ನಂಬರು ಮಾತ್ರ ನೋಡಿದ್ದಳು. ಸಾಲಿನ ಒಳಗೆ ಅವಳೇ ಸೇರಿಸಿದ ಖಾನೆಯಿತ್ತು: 'ಏನಾದರೂ ಹೇಳುವುದಿದ್ದರೆ...'

ಮೊದಲ ದಿನ: 'ಪರೀಕ್ಷೆ. ಫಾರಂ ಸರಿಯಾಗಿದೆ.'

ಎರಡನೆಯ ದಿನ: 'ಪರೀಕ್ಷೆ.'

ಐದನೆಯ ದಿನ: 'ಪರೀಕ್ಷೆ. ನಿನ್ನೆ ನೀವು ನನ್ನ ಬೈಯಲೇ ಇಲ್ಲ. ಮೈ ಹುಷಾರಿಲ್ವಾ?'

ಒಂಬತ್ತನೆಯ ದಿನ: 'ನಿಮ್ಮ ಕೈ ಸುಟ್ಟಿದ್ದು ಕಂಡೆ. ಮುಲಾಮು ತಂದಿದ್ದೆ. ಜೇಬಲ್ಲೇ ಉಳೀತು.'

ರಮ್ಯಾಳ ಕಣ್ಣು ಮಂಜಾಯಿತು. ಒರೆಸಿಕೊಂಡು ಓದಿದಳು.

ಹದಿನಾಲ್ಕನೆಯ ದಿನ: 'ಹೊಸ ಅಗ್ರಹಾರದ ವಿಷಯ ಅಜ್ಜಿ ಹೇಳಿದ್ರು. ಆರ್ಡರ್ ಬರ್ಲಿ ಅಂತ ಚಿಕ್ಕದೇವಮ್ಮನಿಗೆ ಕೈಮುಗಿದೆ. ನಿಮಗೋಸ್ಕರ ಕೇಳಿದೆನೋ, ನನಗೋಸ್ಕರ ಕೇಳಿದೆನೋ, ಆ ತಾಯಿಗೇ ಗೊತ್ತು.'

ಕೊನೆಯ ದಿನ: 'ಬಟನ್ ಒಂದೇ ಇರ್ಲಿ, ಮಾತು ನೇರ ಇರ್ಲಿ ಅಂತ ಊರಿಗೆಲ್ಲ ಹೇಳ್ತೀನಿ. ನನ್ನ ಮಾತಿಗೆ ಮಾತ್ರ ಕಳಿಸು ಒತ್ತೋಕೆ ಆಗ್ತಿಲ್ಲ.'

"ಅಜ್ಜೀ..." ಅವಳು ಮಲ್ಲಾಜಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಎಲ್ಲವನ್ನೂ ಓದಿ ಹೇಳಿದಳು. "ಹೋಗು ಅಂದ್ಬಿಟ್ಟೆ ಅಜ್ಜಿ. ಈಗ ಹಿಂದಿನಿಂದ ಹೆಂಗೆ ಕೂಗ್ಲಿ?"

ಅಜ್ಜಿ ಅವಳ ತಲೆ ನೇವರಿಸಿದಳು.

"ಹೆಸರು ಬರ್ದು, ಫೋನು ಬರ್ದು, ಇಷ್ಟೆಲ್ಲ ಬರ್ದು... ಒತ್ತಲಿಲ್ಲ ಅಂದ್ರೆ ಅವನು ಹೋದಂಗಲ್ಲ ಕಣ್ಮಗ. ಹೊಸ್ತಿಲಲ್ಲೇ ನಿಂತವ್ನೆ. ಹೋದೋರ್ನ ಕೂಗಬಾರ್ದು ದಿಟ. ಹೊಸ್ತಿಲಲ್ಲಿ ನಿಂತೋರ್ನ ಒಳಕ್ಕೆ ಬಾ ಅನ್ನದಿದ್ರೆ ಆ ಪಾಪ ದೊಡ್ಡದು."

ರಮ್ಯಾ ತಲೆಯೆತ್ತಿದಳು.

"ಅವನೊಬ್ಬನ್ನೇ ಅಲ್ಲ. ಆ ಇಪ್ಪತ್ತೇಳು ಜನನೂ ಪಾಪ ಅಲ್ಲೇ ನಿಂತವ್ರೆ. ಎಲ್ರನ್ನೂ ಕರಿ. ನಾ ಹೇಳ್ದಂಗೆ ಬರಿ."

ಅಜ್ಜಿ ಹೇಳಿದಳು, ರಮ್ಯಾ ಬರೆದಳು:

'ನಮ್ಮ ಹೊಸ್ತಿಲವರೆಗೂ ಬಂದಿದ್ದಿರಿ. ಹೊರಗೇ ಯಾಕೆ ನಿಂತಿರಿ? ಒಳಗೆ ಬನ್ನಿ. ಒಲೆ ಇನ್ನೂ ಉರಿಯುತ್ತಿದೆ. - ಮಲ್ಲಾಜಮ್ಮ.'

ಇಪ್ಪತ್ತೇಳು ಜನಕ್ಕೆ ಹೋಯಿತು. ಇಪ್ಪತ್ತೆಂಟನೆಯದಕ್ಕೆ ರಮ್ಯಾ 'ಮಲ್ಲಾಜಮ್ಮ' ಎಂಬುದನ್ನು ಅಳಿಸಿ, ತನ್ನ ಹೆಸರು ಬರೆದಳು. ಕಣ್ಣು ಮುಚ್ಚಿ 'ಕಳಿಸು' ಒತ್ತಿದಳು.

ಆಮೇಲೆ ಶುರುವಾಯಿತು ಕಾಯುವ ಸಂಕಟ! ಮೊಬೈಲ್ ಟಿಣ್ ಎಂದರೆ ಓಡಿಬರುವಳು. ಮೈಸೂರಿನ ಒಬ್ಬರು, ಎರಡು ಕೆಜಿ. ಕೆ.ಆರ್. ನಗರದ ಒಬ್ಬರು, 'ಮರೆತೇಬಿಟ್ಟಿದ್ದೆ ತಾಯಿ, ಕ್ಷಮಿಸಿ' ಎಂಬ ಮಾತಿನೊಡನೆ. ಸಂಜೆಯೊಳಗೆ ಹದಿಮೂರು ಆರ್ಡರ್!

ಅವಳು ಕಾಯುತ್ತಿದ್ದ ಹದಿನಾಲ್ಕನೆಯದು ಬರಲೇ ಇಲ್ಲ.

ಅಂಕಯ್ಯ ವಾಪಸು ಬಂದು ಪಟ್ಟಿ ನೋಡಿದ. ಎರಡು ಸಲ ನೋಡಿದ. "ಒಂದೇ ದಿನದಲ್ಲಾ?" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಉರೀಲಿ ಬುಡು ಒಲೆ. ಅವ್ರಿಗೆ ಬರಬ್ಯಾಡಿ ಅಂತೀನಿ."

ಗೆದ್ದಿದ್ದಳು. ಆದರೂ ರಮ್ಯಾಳ ಕಣ್ಣು ರಸ್ತೆಯ ಮೇಲೆಯೇ...

* * *

ಮರುದಿನ ಹನ್ನೊಂದು ಗಂಟೆ. ಬಸ್ಸಿನ ಹಾರನ್. ಅದರ ಜೊತೆಗೇ ಟಿಣ್!

ಹೊಸ ಆರ್ಡರ್. ಹೆಸರು: ಗೌರೀಶ್. ಒಂದು ಕೆಜಿ.

ಏನಾದರೂ ಹೇಳುವುದಿದ್ದರೆ: 'ಇದೆ. ಎದುರಿಗೇ ಹೇಳ್ತೀನಿ.'

ತಲೆಯೆತ್ತಿದರೆ ಅವನು ಬಾಗಿಲಲ್ಲಿ ನಿಂತಿದ್ದ, ಹೊಸ್ತಿಲಿನಾಚೆ. ಒಂದು ವಾರದ ಗಡ್ಡ, ಕೈಯಲ್ಲಿ ಮುಲಾಮಿನ ಟ್ಯೂಬು.

"ಆ ಖಾನೆಯಲ್ಲಿ ಬರೆದಿದ್ದೂ ಉಳಿಯುತ್ತೆ ಅಂತ ಗೊತ್ತಿರಲಿಲ್ಲ ರಮ್ಯಾ. ನಂಬರ್ ಮಾತ್ರ ಅಂದ್ಕೊಂಡಿದ್ದೆ. ಎಲ್ಲಾನೂ ನೋಡ್ದೆ ಅಂದಾಗ, ನೀವು ಓದಿ, ಬೇಡ ಅಂದ್ರಿ ಅಂದ್ಕೊಂಡೆ..."

"ಓದಿದ್ದು ನಿನ್ನೆ!" ಅವಳ ಧ್ವನಿ ಒಡೆಯಿತು. "ಓದದೇನೇ ಬೈದೆ. ಮೆಸೇಜ್ ನಿನ್ನೆ ಹೋಯ್ತಲ್ಲ... ಇಷ್ಟು ಹೊತ್ತು ಮಾಡ್ತಾರೇನ್ರೀ?"

"ಸಂಜೆಯಿಂದ ಹತ್ತು ಸಲ ಬರೆದು ಹತ್ತು ಸಲ ಅಳಿಸಿದೆ. ಬಸ್ಸಲ್ಲಿ ಕೂತ ಮೇಲೇ ಧೈರ್ಯ ಬಂದಿದ್ದು."

"ಎದುರಿಗೆ ಹೇಳ್ತೀನಿ ಅಂದ್ರಲ್ಲ. ಹೇಳಿ."

ಗೌರೀಶ್ ಅವಳ ಕಣ್ಣನ್ನೇ ನೋಡಿದ. "ನಿಮ್ಮ ಜೊತೆ ಬದುಕಬೇಕು ರಮ್ಯಾ. ದಿನಾ ಬೈಸ್ಕೊಂಡು."

"ಒಳಗೆ ಬನ್ನಿ ಅಂತ ಬರೆದಿದ್ನಲ್ಲ," ಅವಳು ಅಳುತ್ತಲೇ ನಕ್ಕಳು. "ಇನ್ನೂ ಯಾಕೆ ಹೊರಗೇ ನಿಂತಿದ್ದೀರಾ?"

ಅವನು ಹೊಸ್ತಿಲು ದಾಟಿದ. ಒಲೆಯ ಮೇಲೆ ಅರಳುತ್ತಿದ್ದ ರಾಗಿ ಸೀಯುವ ವಾಸನೆ ಬಂತು. ಇಬ್ಬರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಮಲ್ಲಾಜಮ್ಮನಿಗೆ. ಬಾಣಲೆ ಇಳಿಸಿ, ಕೈ ಒರೆಸಿಕೊಂಡು, ಮಣೆ ಎಳೆದು ಅವನ ಎದುರಿಗೇ ಕೂತಳು.

"ಈಗ್ಲಾದ್ರೂ ಕೇಳ್ಬೋದೇನಪ್ಪ... ತಂದೆ ಹೆಸರು?"

ಗೌರೀಶ್ ಕೈಮುಗಿದ.

"ಸಣ್ಣಬೀರಯ್ಯ ಅಂತ ಅಜ್ಜಿ. ಮಿಕ್ಕಿದ ಖಾನೆಗಳನ್ನೂ ಕೇಳಿ. ಹನ್ನೊಂದೂ ತುಂಬ್ತೀನಿ."

"ಆಮೇಲೆ 'ಕಳಿಸು' ಒತ್ತದೆ ಎದ್ದೋಗ್ತೀರಾ?" ಎಂದಳು ರಮ್ಯಾ, ಸುಟ್ಟ ಕಲೆಯಿದ್ದ ಕೈಯನ್ನು ಮುಲಾಮಿಗೆಂದು ಮುಂದೆ ಚಾಚುತ್ತ.

"ಒತ್ತಿ ಆಯ್ತು," ಎಂದ ಅವನು, ಆ ಕೈ ಹಿಡಿದು.