ಹಸಿಮಣ್ಣಿನ ಹೆಜ್ಜೆ

ಹೇಳುವ ಕ್ರಮ ತಪ್ಪಿದರೆ ಮನ್ನಿಸಬೇಕು. ನಾನು ಬೊಮ್ಮಜಟ್ಟಿ, ಕೆಂಗಲ್ದುರ್ಗದ ಅರಮನೆಯ ಗರಡಿಗೆ ಗುರು. ಎಂದರೆ ಅರಸುಮಕ್ಕಳಿಗೆ ಕುಸ್ತಿ ಕಲಿಸುವವನು. ಪಟ್ಟು ಹಾಕಿ ಗೊತ್ತೇ ಹೊರತು ಬರೆದು ಗೊತ್ತಿಲ್ಲ. ಆದರೂ ಈ ಮಾತನ್ನು ಸಭೆಯಲ್ಲಿ ಪೂರ್ತಿ ಹೇಳುವಷ್ಟು ನಾಲಗೆ ನನಗಿಲ್ಲ, ಮುಖವೂ ಇಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ಈ ಬೆಳಗ್ಗೆ ರಾಜಧಾನಿಯ ಏಳು ಬಾಗಿಲಿಗೂ ಮಾವಿನ ತೋರಣವೇರಿದೆ. ಪಟ್ಟದಾನೆಯ ಹಣೆಯ ಮೇಲೆ ಚಿತ್ತಾರ ಬರೆಯುತ್ತಿದ್ದಾರೆ. ಕೊತ್ತಲದ ಮೇಲಿನ ನಗಾರಿಗಳನ್ನು ಬಿಸಿಲಿಗೆ ಕಾಯಿಸುತ್ತಿದ್ದಾರೆ. ಆದರೆ ಪಟ್ಟ ಯಾರಿಗೆಂಬುದು ಇನ್ನೂ ತೀರ್ಮಾನವಾಗಿಲ್ಲ, ಇಂದಿನ ಸಭೆಯಲ್ಲೇ ಆಗಬೇಕು. ದೊಡ್ಡರಸರು ತೀರಿಕೊಂಡು ತಿಂಗಳಾಯಿತು. ಅವರ ಮಗ ಗಂಗಭೂಪರಿಗೆ ಪಟ್ಟವಾಗುವುದು ನ್ಯಾಯ. ಪ್ರಧಾನಿ ಶಿವದೇವಯ್ಯನವರಿಗೆ ಅರಸರ ತಮ್ಮನ ಮಗ ಮುದ್ದರಾಜರೇ ಬೇಕು, ಏಕೆಂದರೆ ಮುದ್ದರಾಜರು ಅವರ ಮಗಳ ಗಂಡ. ಅದಕ್ಕೆ ಪ್ರಧಾನಿಗಳು ಮುಂದಿಡುವ ಆಧಾರ ಒಂದೇ: ನನ್ನ ಮಾತು.

ಇದನ್ನು ವಿವರಿಸಬೇಕು. ಅರಸುಮಗ ಗರಡಿಗೆ ಮೊದಲು ಬಂದ ದಿನ ಮಟ್ಟಿಯ ಮೇಲೆ, ಎಂದರೆ ಕುಸ್ತಿಯ ಕೆಂಪು ಮಣ್ಣಿನ ಮೇಲೆ, ಬಲಗಾಲು ಊರಬೇಕು. ಗುರು ಆ ಹೆಜ್ಜೆಯನ್ನು ನೋಡಿ ಹುಟ್ಟುಗುಣವನ್ನು ಹೇಳಬೇಕು. ಅಂಗಾಲಿನ ನಡುಭಾಗ ಮಣ್ಣು ಮುಟ್ಟದೆ ಉಳಿದರೆ ಆ ಕಾಲಿಗೆ ಚಿಮ್ಮುವ ಶಕ್ತಿಯಿದೆಯೆಂದು ಲೆಕ್ಕ. ಚಪ್ಪಟೆಯಾಗಿ ಮೂಡಿದರೆ ಇಲ್ಲ. ಅಂಥವನು ರಣದಲ್ಲಿ ನಿಲ್ಲಲಾರ, ಸಿಂಹಾಸನಕ್ಕೂ ಸಲ್ಲ.

ಹತ್ತು ವರ್ಷದ ಹಿಂದೆ ನಾನು ಗಂಗಭೂಪರ ಹೆಜ್ಜೆ ನೋಡಿ "ಚಪ್ಪಟೆ" ಎಂದೆ, ಮುದ್ದರಾಜರ ಹೆಜ್ಜೆ ನೋಡಿ "ಸಿಂಹದ ಪಾದ" ಎಂದೆ. ಆಸ್ಥಾನದ ಲಿಪಿಕಾರ ಎರಡನ್ನೂ ಓಲೆಯಲ್ಲಿ ಬರೆದುಕೊಂಡ. ಅಂದಿನಿಂದ ಪಟ್ಟುಗಳೆಲ್ಲ ಮುದ್ದರಾಜರಿಗೆ, ಮಟ್ಟಿ ಮಿದಿಯುವ ಕೆಲಸ ಗಂಗಭೂಪರಿಗೆ. ಅವರು ಒಮ್ಮೆಯೂ ಎದುರಾಡಲಿಲ್ಲ. ಕೆಲಸ ಮುಗಿದ ಮೇಲೆ ಕಂಬಕ್ಕೆ ಧೋತರ ಸುತ್ತಿ, ಕಂಡ ಪಟ್ಟುಗಳನ್ನು ಕಂಬಕ್ಕೇ ಹಾಕುತ್ತಿದ್ದರು. ನಾನು ನೋಡಿ ನಕ್ಕಿದ್ದೇನೆ. ಅದನ್ನೂ ಬರೆಯಬೇಕು.

ಮೊನ್ನೆ ಹದವಾಗಿ ಬಿಗಿದ ಮಟ್ಟಿಯ ಮೇಲೆ ಒಂದು ಹೆಜ್ಜೆ ಕಂಡೆ. ಹಿಮ್ಮಡಿ, ಬೆರಳು, ನಡುವೆ ಬಿಲ್ಲಿನಂಥ ಬಿಡುವು. "ಆಹಾ, ಮುದ್ದರಾಜರೇ!" ಎಂದೆ.

ಬೆನ್ನ ಹಿಂದೆ ಗಂಗಭೂಪರ ದನಿ: "ಅವರು ಬೇಟೆಗೆ ಹೋಗಿ ಮೂರು ದಿನವಾಯಿತು, ಗುರುಗಳೇ." ಹೇಳಿ ತಮ್ಮ ಬಲಗಾಲನ್ನು ಆ ಗುರುತಿನೊಳಗೆ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಚಪ್ಪಟೆ ಕಾಲಿಗೆ ಇಷ್ಟು ಬಿಡುವು ಸಾಕಲ್ಲವೇ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ, ಆ ಹಳೆಯ ಬೆಳಗು ನೆನಪಾಯಿತು. ಯುವರಾಜರೆಂದು ಗಂಗಭೂಪರನ್ನೇ ಮೊದಲು ಕರೆದಿದ್ದೆ. ಆಗತಾನೇ ಮಟ್ಟಿಗೆ ಎಣ್ಣೆ, ಮಜ್ಜಿಗೆ ಸುರಿದು ಮಿದಿದಿದ್ದರು. ಹಸಿಮಣ್ಣಿನಲ್ಲಿ ಯಾರ ಕಾಲೂ ಹೂತು ಚಪ್ಪಟೆಯಾಗಿಯೇ ಮೂಡುತ್ತದೆ. ಮುದ್ದರಾಜರು ಬಂದದ್ದು ಮಧ್ಯಾಹ್ನ. ಅಷ್ಟರಲ್ಲಿ ಮಣ್ಣು ಬಿಗಿದಿತ್ತು. ಮೂವತ್ತು ವರ್ಷ ಮಣ್ಣಿನಲ್ಲೇ ಬದುಕಿದವನು ಮಣ್ಣಿನ ಹದ ನೋಡದೆ ಮಗುವಿನ ಹಣೆಬರಹ ಹೇಳಿಬಿಟ್ಟೆ.

ನಿನ್ನೆ ಪ್ರಧಾನಿಗಳಿಗೆ ಇದನ್ನು ತಿಳಿಸಿದೆ. ಅವರು ತಾಂಬೂಲ ಮಡಿಸುತ್ತಲೇ ಹೇಳಿದರು: "ಜಟ್ಟಿ, ಹೆಜ್ಜೆ ತಪ್ಪು ಓದಿದ ಗುರುವಿನ ಗತಿ ನಿನಗೆ ಗೊತ್ತಲ್ಲ?"

"ಗೊತ್ತು ಸ್ವಾಮಿ. ಗುರುವೆಂದು ತೊಡಿಸಿದ ಕೈಯ ಕಡಗ ಕಳಚಿಟ್ಟು ಹೋಗಬೇಕು, ಮತ್ತೆ ಯಾವ ಗರಡಿಯ ಮಣ್ಣನ್ನೂ ತುಳಿಯಬಾರದು."

"ಈ ವಯಸ್ಸಿನಲ್ಲಿ ಬೇರೇನು ಬರುತ್ತದೆ ನಿನಗೆ? ನಾಳೆ ಹಳೆಯ ಮಾತನ್ನೇ ಆಡು. ಸುಳ್ಳೇನೂ ಅಲ್ಲ, ಅಂದು ನೀನು ಕಂಡದ್ದೇ."

ನಾನು ತಲೆ ತಗ್ಗಿಸಿ ಬಂದೆ. ಒಪ್ಪಿದೆನೆಂದು ಅವರು ತಿಳಿದಿರಬೇಕು. ಒಂದು ಗಳಿಗೆ ಒಪ್ಪಿದ್ದೆ ಕೂಡ. ಆ ಗಳಿಗೆಯ ನಾಚಿಕೆ ಹತ್ತು ವರ್ಷದ ನಾಚಿಕೆಗಿಂತ ದೊಡ್ಡದು.

ಇನ್ನೊಂದು ಮಾತು ಸ್ಪಷ್ಟಪಡಿಸಬೇಕು, ಇಲ್ಲವಾದರೆ ಮುಂದಿನ ಗುರುಗಳು ನನ್ನನ್ನು ತಪ್ಪು ತಿಳಿದಾರು. ಹುಟ್ಟುಗುಣವೆಂಬುದು ಇಲ್ಲವೆಂದಲ್ಲ. ಮುದ್ದರಾಜರು ಒಮ್ಮೆ ಕಂಡ ಪಟ್ಟನ್ನು ಆಗಲೇ ಹಾಕಬಲ್ಲರು. ಗಂಗಭೂಪರಿಗೆ ನಲವತ್ತು ದಿನ ಬೇಕು. ಆದರೆ ಅವರು ಕಲಿತದ್ದು ಮತ್ತೆ ಕಳಚುವುದಿಲ್ಲ. ಅದೇಕೆಂದರೆ, ದೇಹಕ್ಕೂ ಮಟ್ಟಿಯಂತೆ ಒಂದು ಹದವಿದೆ. ಕೆಲವು ದೇಹ ಬೇಗ ಬಿಗಿಯುತ್ತದೆ, ಕೆಲವು ತಡವಾಗಿ. ತಡವಾದದ್ದನ್ನು ಗುರುವಾದವನು ಕಾಯಬೇಕು. ಹಸಿಯಿದ್ದಾಗಲೇ ಅದರ ಗುಣ ಹೇಳಹೊರಟರೆ—

ಬಾಗಿಲಲ್ಲಿ ಪರಿಚಾರಕ ಕೂಗುತ್ತಿದ್ದಾನೆ: "ಜಟ್ಟಿಗಳೇ, ಸಭೆ ನೆರೆದಿದೆ, ಬರಬೇಕಂತೆ!"

ಕಡಗವನ್ನು ಆಗಲೇ ಕಳಚಿ ಈ ಓಲೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಬಂದೆನಪ್ಪ.