ಪವರ್ ಸಪ್ಲೈ ಸಾಕೆಂದು ಹೇಳದವಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮಕಥೆ ಹೇಳುವಷ್ಟು ಅನುಭವ ನನಗಿಲ್ಲ, ಅದೂ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯ ಪ್ರೇಮಕಥೆ! ಎಲ್ಲಾದರೂ ಎಡವಿದರೆ ತಪ್ಪು ನನ್ನದು, ಅವರಿಬ್ಬರದಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ...

"ಟೆಸ್ಟ್ ಮಾಡೋರು ಯಾರೂ ಇಲ್ವಾ?" ಡಬ್ಬಿಯೊಂದನ್ನು ಹಿಡಿದು ಅಂಗಡಿಗೆ ಬಂದ ಯುವಕ ಕೇಳಿದ.

ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದಳು. "ನಾನೇ ಮಾಡೋದು."

"ಓ... ನೀವಾ?"

"ಯಾಕೆ, ಮೀಸೆ ಇರ್ಬೇಕಿತ್ತಾ?"

ಅವನ ಕಿವಿ ಕೆಂಪಾಯಿತು. ಮರುಕ್ಷಣ ತನ್ನ ಪೆದ್ದುತನಕ್ಕೆ ತಾನೇ ನಕ್ಕುಬಿಟ್ಟ. ಆ ನಗು! ಅವಳಿಗೆ ಕೋಪ ಮಾಡಿಕೊಳ್ಳುವುದೇ ಮರೆತುಹೋಯಿತು.

ಅವನು ಮಕ್ಕಳಿಗಾಗಿ ಕಾರ್ಟೂನ್ ಚಿತ್ರ ಮಾಡುವವನು. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಹಳೆಯ ಪವರ್ ಸಪ್ಲೈ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ತಿಳಿಯಬೇಕಿತ್ತು. ಕೇಬಲ್‌ಗಳನ್ನೆಲ್ಲ ಮನೆಯ ಕಂಪ್ಯೂಟರಿನೊಳಗೇ ಬಿಟ್ಟು, ಆ ಕಬ್ಬಿಣದ ಡಬ್ಬಿಯನ್ನಷ್ಟೇ ಬಿಚ್ಚಿ ತಂದಿದ್ದ.

ಅವನ ವಿಳಾಸ, ಫೋನ್ ನಂಬರ್ ರಸೀದಿಯಲ್ಲಿ ಬರೆದುಕೊಂಡು "ನಾಳೆ ಬನ್ನಿ" ಎಂದಳು.

ಅವನು ಹೋದ ಮೇಲೆ ಲೇಬಲ್ ಓದಿದಳು. ಹನ್ನೆರಡು ವೋಲ್ಟಿನಲ್ಲಿ ಡಬ್ಬಿ ಎಷ್ಟು ಕೊಡುತ್ತದೆ, ಕಾರ್ಡಿಗೆ ಎಷ್ಟು ಬೇಕು, ಪ್ರೊಸೆಸರಿಗೆ ಎಷ್ಟು ಎಂದು ಲೆಕ್ಕ ಹಾಕಿದಳು. ಅಷ್ಟಕ್ಕೇ ಬಿಡದೆ ಅದೇ ಕಂಪನಿಯ ಕೇಬಲ್ ಹುಡುಕಿ, ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ ಗಂಟೆಗಟ್ಟಲೆ ಓಡಿಸಿದಳು. ಡಬ್ಬಿ ಬೆಚ್ಚಗಾಯಿತೇ ಹೊರತು ವೋಲ್ಟೇಜ್ ಅಲುಗಲಿಲ್ಲ. ಧಾರಾಳವಾಗಿ ಸಾಕು!

ಮರುದಿನ ಅವನು ಬಂದ. "ಸಾಕಾಗುತ್ತಾ?"

ಸಾಕು ಎಂದರೆ ಡಬ್ಬಿ ತೆಗೆದುಕೊಂಡು ಹೋಗುತ್ತಾನೆ. ಮತ್ತೆ ಯಾಕೆ ಬರುತ್ತಾನೆ?

"ಇನ್ನೊಂದ್ಸಲ ನೋಡ್ಬೇಕು... ಹಳೇದಲ್ವಾ, ಸ್ವಲ್ಪ ಅನುಮಾನ."

ಆಮೇಲೆ ಅವನು ದಿನವೂ ಬಂದ. ಕಾಯುತ್ತ ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಚಿತ್ರ ಗೀಚುತ್ತಿದ್ದ. ಜ್ವರ ಬಂದ ಪವರ್ ಸಪ್ಲೈ, ಅದರ ನಾಡಿ ಹಿಡಿದು ಕುಳಿತ ಅವಳು...

ಅಂಗಡಿ ಅವಳ ಸೋದರಮಾವನದು. ಅವರು ಕನ್ನಡಕದ ಮೇಲಿಂದ ನೋಡಿದರು. "ಇನ್ನೂ ಎಷ್ಟು ದಿನ ಟೆಸ್ಟ್ ಮಾಡ್ತೀಯೇ? ಡಬ್ಬೀನಾ, ಹುಡುಗನ್ನಾ?"

"ಸುಮ್ನಿರಿ ಮಾವ!"

ಒಂದು ಸಂಜೆ ಅವನು ಬಂದಾಗ ಮುಖದಲ್ಲಿ ನಗುವಿರಲಿಲ್ಲ.

"ಸೋಮವಾರದೊಳಗೆ ಒಂದು ಕಾರ್ಟೂನ್ ಕಂಪನಿಗೆ ನನ್ನ ಚಿತ್ರ ಒಪ್ಪಿಸ್ಬೇಕು. ಅವ್ರಿಗೆ ಹಿಡಿಸಿದ್ರೆ ಅಲ್ಲೇ ಕೆಲಸ. ಎರಡು ವರ್ಷದ ದುಡಿಮೆ ಅದು, ಇನ್ನು ಕಾಯೋಕಾಗಲ್ಲ. ಬೇರೆ ಕಡೆ ಹೊಸ ಪವರ್ ಸಪ್ಲೈ ತಗೊಂಡೆ."

"ಅಯ್ಯೋ, ಬೇಕಿರ್ಲಿಲ್ಲ..."

"ಹೊಸದನ್ನ ನಿಮ್ಮಲ್ಲೇ ತಗೊಳ್ಲಿ ಅಂತ ತಾನೆ ಇಷ್ಟು ದಿನ ಎಳೆದಿದ್ದು? ನಾನೊಬ್ಬ ಪೆದ್ದ, ಬೇರೇನೋ ಅಂದ್ಕೊಂಡಿದ್ದೆ." ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡ. "ಕೇಬಲ್ ಹೇಗೂ ಒಳಗೇ ಇವೆ. ಹೊಸದಕ್ಕೆ ಸಿಗಿಸಿದ್ರೆ ಮುಗೀತು."

ಹೊರಟೇಹೋದ.

ಬೇರೇನೋ ಅಂದ್ಕೊಂಡಿದ್ದೆ... ಏನಂದುಕೊಂಡಿದ್ದ? ಕಣ್ಣೊರೆಸಿಕೊಳ್ಳುತ್ತ ಅದನ್ನೇ ಮೆಲುಕು ಹಾಕುತ್ತಿದ್ದವಳಿಗೆ ಅವನ ಕೊನೆಯ ಮಾತು ತಟ್ಟನೆ ಹೊಳೆಯಿತು.

ಹಳೆಯ ಕೇಬಲ್ಲಿಗೆ ಹೊಸ ಪವರ್ ಸಪ್ಲೈ!

ತುದಿಗಳೇನೋ ಹೊಂದುತ್ತವೆ. ಆದರೆ ಒಂದು ಕಂಪನಿಯ ತಂತಿಗಳ ಕ್ರಮ ಇನ್ನೊಂದರಲ್ಲಿ ಇರುವುದಿಲ್ಲ. ಐದು ವೋಲ್ಟ್ ಹೋಗಬೇಕಾದಲ್ಲಿ ಹನ್ನೆರಡು ಹೋದರೆ ಡಿಸ್ಕ್ ಸುಟ್ಟೇ ಹೋಗುತ್ತದೆ. ಅವನ ಎರಡು ವರ್ಷ ಇರುವುದು ಅದರಲ್ಲೇ.

ಫೋನ್ ಮಾಡಿದಳು. ಕಟ್ ಮಾಡಿದ. ಮತ್ತೆ ಮಾಡಿದಳು. ಮತ್ತೆ ಕಟ್! ರಸೀದಿಯ ವಿಳಾಸ ನೋಡಿಕೊಂಡು, ವೋಲ್ಟೇಜ್ ಅಳೆಯುವ ಮೀಟರ್ ಎತ್ತಿಕೊಂಡು ಓಡಿದಳು.

ಬಾಗಿಲು ತೆರೆದವಳು ಅವನ ಅಕ್ಕ. "ಲೋ, ಅಂಗಡಿಯವ್ರು ಮನೆಗೇ ಬಂದಿದಾರೆ ಕಣೋ! ಮಾರದೆ ಬಿಡಲ್ಲ ಅನ್ಸುತ್ತೆ."

ಒಳಕೋಣೆಯಲ್ಲಿ ಅವನ ಬೆರಳು ಸ್ವಿಚ್ಚಿನ ಮೇಲಿತ್ತು.

"ಹಾಕ್ಬೇಡಿ! ಆ ಕೇಬಲ್ ಇದಕ್ಕಾಗಲ್ಲ. ಡಿಸ್ಕ್ ಸುಟ್ಟುಹೋಗುತ್ತೆ!"

"ಹಳೇ ಡಬ್ಬಿ ಮೇಲೂ ಅನುಮಾನ ಅಂದ್ರಿ. ನಿಮ್ಮ ಯಾವ ಮಾತು ನಂಬ್ಲಿ?"

ನಿಜ ಹೇಳದಿದ್ದರೆ ಇವನು ನಂಬುವುದಿಲ್ಲ. ಹೇಳಿದರೆ ಇನ್ನೆಂದೂ ಮುಖ ತೋರಿಸುವಂತಿಲ್ಲ...

"ಅದು ಸುಳ್ಳು," ಎಂದಳು. "ಮೊದಲನೇ ದಿನಾನೇ ಗೊತ್ತಾಗಿತ್ತು, ಸಾಕು ಅಂತ. ಹೇಳಿದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ ಹೇಳ್ಲಿಲ್ಲ. ಮಾರೋಕಲ್ಲ. ನಿಮ್ಮ ಕೆಲಸ ನಿಂತಿದೆ ಅಂತ ಗೊತ್ತಿದ್ದಿದ್ರೆ..." ತಲೆ ಅಲ್ಲಾಡಿಸಿದಳು. "ಇಲ್ಲ, ನಾನು ಕೇಳಲೇ ಇಲ್ಲ. ಎಷ್ಟಾದ್ರೂ ಬೈರಿ, ಸ್ವಿಚ್ ಮಾತ್ರ ಹಾಕ್ಬೇಡಿ."

ಅವನು ಅವಳನ್ನೇ ನೋಡಿದ. ಬೆರಳು ನಿಧಾನವಾಗಿ ಹಿಂದೆ ಬಂತು.

ಅಕ್ಕ ಕೆಮ್ಮಿದಳು. "ನನಗೆ ಒಳಗೆ ಕೆಲಸ ಇದೆಯಪ್ಪ..."

ಅಕ್ಕ ಹೋದ ಮೇಲೆ ಅವಳು ಕೇಬಲ್‌ಗಳ ತುದಿಗಳನ್ನೆಲ್ಲ ಕಂಪ್ಯೂಟರಿನಿಂದ ಬಿಚ್ಚಿ, ಹೊಸ ಡಬ್ಬಿಯನ್ನಷ್ಟೇ ಚಾಲೂ ಮಾಡಿ ಮೀಟರ್ ಹಿಡಿದಳು. ಐದು ಇರಬೇಕಾದಲ್ಲಿ ಹನ್ನೆರಡು! ಅವನು ನೆಲದ ಮೇಲೆ ಕುಳಿತುಬಿಟ್ಟ.

ಹಳೆಯ ಡಬ್ಬಿಯನ್ನು ಅದರದೇ ಕೇಬಲ್‌ಗಳಿಗೆ ಜೋಡಿಸಿದಳು. ಹೊಸ ಕಾರ್ಡ್ ಗುಂಯ್‌ಗುಟ್ಟಿತು. ಪರದೆ ಬೆಳಗಿತು.

"ಸಾಕಾಗುತ್ತಾ ಅಂತ ಫೋನಲ್ಲೇ ಕೇಳ್ಬಹುದಿತ್ತು ನಾನು" ಎಂದ ಅವನು, ಪರದೆಯತ್ತಲೇ ನೋಡುತ್ತ. "ನಿಮ್ಮ ನಂಬರ್ ಇತ್ತು."

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

"ಅದನ್ನೂ ಹೇಳ್ಬೇಕಾ?"

ಅವಳ ಕಣ್ಣು ಮತ್ತೆ ತುಂಬಿತು. "ಹೇಳಿ. ಹೇಳದೆ ಇದ್ರೆ ಏನಾಗುತ್ತೆ ಅಂತ ಈಗ ತಾನೆ ನೋಡಿದ್ವಲ್ಲ."

ಅವನು ಹೇಳಿದ.

ಚಿತ್ರ ಸೋಮವಾರ ತಲುಪಬೇಕಾದಲ್ಲಿ ತಲುಪಿತು. ಆದರೆ ಮೀಟರ್ ನೋಡುವ ಮೊದಲೇ ಅವನು ಬೆರಳು ತೆಗೆದದ್ದು ನಂಬಿಕೆಯಿಂದಲೋ, ಡಿಸ್ಕ್ ಸುಟ್ಟೀತೆಂಬ ಬರೀ ಭಯದಿಂದಲೋ? ಅವಳು ಕೇಳಲಿಲ್ಲ. ನನಗೂ ಗೊತ್ತಿಲ್ಲ.