ತಕ್ಕಡಿಯ ಮುಳ್ಳು ನಿಲ್ಲುವ ತನಕ

“ಉಸಿರು ಬಿಡಬೇಡಿ.”

ತಕ್ಕಡಿಯ ಆಚೆ ನಿಂತಿದ್ದ ಅಪರಿಚಿತನಿಗೆ ಸುಕನ್ಯ ಹೇಳಿದ ಮೊದಲ ಮಾತು ಅದು.

ಅವನು ತಲೆಯೆತ್ತಿದ. “ಎಷ್ಟೊತ್ತು ರೀ ಮೇಡಂ?”

“ಮುಳ್ಳು ನಿಲ್ಲೋವರೆಗೆ.”

ಸಾಲಿನಲ್ಲಿ ನಿಂತಿದ್ದ ಅಂಗಡಿಯವರು ಮುಸಿಮುಸಿ ನಕ್ಕರು. ಅವನು ನಗಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಬಿಗಿಹಿಡಿದು ನಿಂತೇಬಿಟ್ಟ.

ಅದು ತೊಂಬತ್ತೆಂಟನೇ ಇಸವಿ. ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಒಂದು ಹಳೇ ಗೋದಾಮು. ವರ್ಷಕ್ಕೊಮ್ಮೆ ಸುತ್ತಲಿನ ವ್ಯಾಪಾರಿಗಳು ತಮ್ಮ ತಕ್ಕಡಿ, ತೂಕದ ಕಲ್ಲುಗಳನ್ನು ಅಲ್ಲಿಗೆ ಹೊತ್ತು ತರಬೇಕು. ತೂಕ-ಅಳತೆ ಇನ್ಸ್‌ಪೆಕ್ಟರ್ ಅವನ್ನು ಪರೀಕ್ಷಿಸಿ, ತಕ್ಕಡಿಯ ದಂಡದ ಮೇಲಿರುವ ಸೀಸದ ಬೊಟ್ಟಿಗೆ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ಒಂದು ಹಿಡಿ ಹುರುಳಿಕಾಯಿ ತೂಗಿದರೂ ತಪ್ಪು.

ಸುಕನ್ಯ ಇಲಾಖೆಯ ಆ ಸರ್ಕಲ್ಲಿಗೆ ಹೊಸಬಳು. ಅಲ್ಲಿಗೆ ಬಂದ ಮೊದಲ ಹೆಣ್ಣು ಇನ್ಸ್‌ಪೆಕ್ಟರ್ ಕೂಡ. ಫ್ಯಾನ್ ಆರಿಸಿದ್ದಳು. ಗಾಳಿಯ ಒಂದು ಎಳೆ ತಾಕಿದರೂ ಮುಳ್ಳು ಅಲುಗುತ್ತದೆ.

ಮುಳ್ಳು ಅತ್ತ ಹೋಯಿತು. ಇತ್ತ ಬಂತು. ಮತ್ತೆ ಅತ್ತ…

ಎರಡು ತಟ್ಟೆಗಳ ನಡುವೆ ಎರಡು ಮುಖ. ಅವಳೂ ಉಸಿರು ಹಿಡಿದಿದ್ದಳು. ನೋಡಬೇಕಾದದ್ದು ಮುಳ್ಳನ್ನು. ಆದರೆ ಮುಳ್ಳಿನ ಹಿಂದೆಯೇ ಅವನ ಕಣ್ಣುಗಳಿದ್ದವಲ್ಲ… ಎಲ್ಲಿಗೆ ದೃಷ್ಟಿ ಹೊರಳಿಸುವುದು?

ಮುಳ್ಳು ನಡುವೆ ಬಂದು ನಿಂತಿತು. ಸುಕನ್ಯಳ ಎದೆಯೊಳಗೆ ತೂಗಾಡುತ್ತಿದ್ದದ್ದು ಮಾತ್ರ ನಿಲ್ಲಲಿಲ್ಲ.

ಅವನ ಹೆಸರು ಭಗವಂತರಾಯ. ಕಲಬುರಗಿ ಕಡೆಯವನು. ತಕ್ಕಡಿ ರಿಪೇರಿ ಅವನ ಕಸುಬು. ಹಬೀಬ್ ಸಾಬರ ಬಳಿ ಕೆಲಸ ಕಲಿತು, ಅವರ ಕಣ್ಣು ಮಂಜಾದ ಮೇಲೆ ಅಂಗಡಿಯನ್ನೂ ಲೈಸೆನ್ಸನ್ನೂ ತಾನೇ ನೋಡಿಕೊಳ್ಳುತ್ತಿದ್ದ. ದಂಡು ಪ್ರದೇಶದ ನಾಲಿಗೆಗಳಿಗೆ ಆ ಉದ್ದ ಹೆಸರು ಹೊರಳದೆ ಅವನು ಎಲ್ಲರಿಗೂ ‘ಭಗವಾನ್ ಭಾಯ್’ ಆಗಿದ್ದ.

ಮುದ್ರೆ ಒತ್ತುವಾಗ ಸುಕನ್ಯಳ ಬೆರಳಿಗೆ ತಟ್ಟೆಯ ಕೊಕ್ಕೆ ತಾಕಿತು. ಬೇರೆ ರಿಪೇರಿಯವರು ಕೊಕ್ಕೆಯ ತುದಿಯನ್ನು ಹೊರಕ್ಕೇ ಬಿಡುತ್ತಾರೆ. ಇದರ ತುದಿ ಒಳಕ್ಕೆ ಮಡಿಚಿಕೊಂಡಿತ್ತು. ಹೀಗೇಕೆ ಎಂದು ಕೇಳಿದಳು.

“ತರಕಾರಿ ಮಾರೋ ಹೆಣ್ಮಕ್ಕಳ ಸೆರಗು ಸಿಗ್ತದ್ರಿ. ಬೆರಳೂ ಕೊಯ್ತದ. ಅದಕ್ಕ.”

ಅಷ್ಟೇ ಹೇಳಿ ತಕ್ಕಡಿ ಎತ್ತಿಕೊಂಡು ಹೋದ. ಯಾರೂ ಕೇಳದ, ಯಾರೂ ಗಮನಿಸದ ಒಂದು ಮಡಿಕೆ… ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಸುಕನ್ಯ ತನ್ನ ಬೆರಳ ತುದಿಯನ್ನು ಎಷ್ಟು ಸಲ ಸವರಿಕೊಂಡಳೋ.

ಆಮೇಲೆ ಗುರುವಾರಗಳು ಶುರುವಾದವು. ಗುರುವಾರ ಅವನು ರಿಪೇರಿಯಾದ ತಕ್ಕಡಿಗಳನ್ನು ಸುಕನ್ಯಳ ಹಲಸೂರಿನ ಆಫೀಸಿಗೆ ತರುತ್ತಿದ್ದ. ಆ ದಿನ ಮಗಳು ಎರಡು ಸಲ ತಲೆ ಬಾಚುವುದನ್ನು ಹೊರಮಾವಿನ ಮನೆಯಲ್ಲಿ ತಾಯಿ ಪಟಾಲಮ್ಮ ಗಮನಿಸಿದ್ದರು. ಆಫೀಸಿನಲ್ಲಿ ಅಂಥ ದೊಡ್ಡ ಸಾಹೇಬರು ಯಾರು ಬರುತ್ತಾರೆ ಎಂದು ಕೆಣಕಿಯೂ ಇದ್ದರು.

ಡ್ಯೂಟಿಯಲ್ಲಿರುವಾಗ ವ್ಯಾಪಾರಿಗಳು ತರಿಸಿದ ಚಹಾವನ್ನು ಸುಕನ್ಯ ಮುಟ್ಟುತ್ತಿರಲಿಲ್ಲ. ಒಮ್ಮೆ ಆಲೂಗಡ್ಡೆ ಮಂಡಿಯ ಬೈಲಪ್ಪ ಎಲ್ಲರಿಗೂ ಚಹಾ ತರಿಸಿದಾಗ ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಅದನ್ನು ನೋಡಿದ ಭಗವಂತರಾಯ ತನ್ನ ಲೋಟವನ್ನೂ ಕೆಳಗಿಟ್ಟ.

“ನಿಮಗೇನು ಕಷ್ಟ? ಕುಡೀರಿ,” ಅಂದಳು.

“ಇರ್ಲಿ ಬಿಡ್ರಿ. ನೀವು ಕುಡಿಯೋ ದಿನ ಕುಡೀತೀನಿ.”

ಅಂದಿನಿಂದ ಅವಳ ಮುಂದೆ ಅವನು ಚಹಾ ಕುಡಿಯಲಿಲ್ಲ. ಇಬ್ಬರ ನಡುವೆ ನಡೆದದ್ದೆಂದರೆ ಇಷ್ಟೇ. ಇದನ್ನು ಪ್ರೀತಿ ಎಂದು ಕರೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆದರೆ ಗುರುವಾರ ಸಂಜೆಯಾದರೆ ಸುಕನ್ಯಳಿಗೆ ಮುಂದಿನ ಗುರುವಾರ ಬಹಳ ದೂರ ಅನಿಸುತ್ತಿತ್ತು…

ಹೀಗಿರುವಾಗ ಒಂದು ಮಾತು ಅವಳ ಕಿವಿಗೆ ಬಿತ್ತು.

ಬೈಲಪ್ಪ ಮಂಡಿಯೊಳಗೆ ಯಾರಿಗೋ ಹೇಳುತ್ತಿದ್ದ. ಸುಕನ್ಯ ಬಾಗಿಲಲ್ಲಿದ್ದದ್ದು ಅವನಿಗೆ ಕಂಡಿರಲಿಲ್ಲ.

“ರಿಪೇರಿಗೆ ಭಗವಾನ್ ಹತ್ರಾನೇ ಕೊಡು ಗುರು. ಅವನ ಕೈ ತಾಕಿದ್ರೆ ಸಾಕು, ಮೇಡಮ್ಮು ಮುಖ ನೋಡಿ ಮುದ್ರೆ ಒತ್ತುತ್ತೆ. ತೂಕ ಯಾರು ನೋಡ್ತಾರೆ?”

ಅವಳು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು.

ಅವಳ ತಂದೆ ಮುನಿಆಂಜನಪ್ಪ ಓದು ಬರಹ ಬಲ್ಲವರಲ್ಲ. ಹೊರಮಾವಿನಲ್ಲಿ ಹೊಲಗಳಿದ್ದ ಕಾಲದಲ್ಲಿ ನವಿಲುಕೋಸು, ಹುರುಳಿಕಾಯಿ ಬೆಳೆದು ಮಂಡಿಗೆ ತರುತ್ತಿದ್ದರು. ಮೂಟೆ ಇಳಿಸುವ ಮೊದಲು ತಕ್ಕಡಿಯ ದಂಡವನ್ನು ಹೆಬ್ಬೆರಳಿನಿಂದ ತಡವುತ್ತಿದ್ದರು. ಮುದ್ರೆ ಕೈಗೆ ಸಿಕ್ಕರೆ, “ಐತೆ ಬಿಡವ್ವ, ಸರ್ಕಾರ ನೋಡೈತೆ” ಎಂದು ಜೊತೆಯಲ್ಲಿದ್ದ ಪುಟ್ಟ ಸುಕನ್ಯಳಿಗೆ ಹೇಳಿ ನಿಶ್ಚಿಂತರಾಗುತ್ತಿದ್ದರು. ಅಪ್ಪ ಈಗಿಲ್ಲ. ಆ ಹೆಬ್ಬೆರಳಿನ ನಂಬಿಕೆಗಾಗಿಯೇ ಅವಳು ಈ ಕೆಲಸಕ್ಕೆ ಸೇರಿದ್ದಳು.

ನನ್ನ ಮುದ್ರೆಯ ಮೇಲೆ ಅನುಮಾನವೆ? ಅದೂ… ಅವನ ಕಾರಣಕ್ಕೆ?

ಮುಂದಿನ ಗುರುವಾರ ಭಗವಂತರಾಯ ತಂದ ತಕ್ಕಡಿಯನ್ನು ಅವಳು ವಾಪಸು ಕಳಿಸಿದಳು. ಅದರ ಮುಂದಿನ ವಾರದ್ದನ್ನೂ. ಮುಳ್ಳು ಸರಿಯಾಗಿಯೇ ನಿಂತಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಿಯಮ ಒಪ್ಪುವಷ್ಟೇ. ಬೇರೆ ಯಾರೇ ತಂದಿದ್ದರೂ ಮುದ್ರೆ ಬೀಳುತ್ತಿತ್ತು.

ಮತ್ತೊಂದನ್ನು ದೂಡಿದಾಗ ಅವನು ಕೇಳಿದ. “ತಪ್ಪು ಎಲ್ಲ್ಯದ, ತೋರಿಸ್ರಿ ಮೇಡಂ. ಇಲ್ಲೇ ಕುಂತು ಸರಿ ಮಾಡ್ತೀನಿ.”

ತೋರಿಸಲು ತಪ್ಪಿದ್ದರೆ ತಾನೆ?

“ನನಗೆ ಸರಿ ಕಾಣ್ಲಿಲ್ಲ,” ಅಂದಳು, ತಲೆ ಎತ್ತದೆ.

ಅವನು ತಕ್ಕಡಿಯ ಸರಪಳಿಗಳನ್ನು ನಿಧಾನವಾಗಿ ಸುತ್ತಿಕೊಂಡು ಹೊರಟುಹೋದ. ಆ ಸರಪಳಿಗಳ ಸದ್ದು ಮೆಟ್ಟಿಲಿಳಿದು ರಸ್ತೆಯ ಗದ್ದಲದಲ್ಲಿ ಅಡಗುವವರೆಗೂ ಸುಕನ್ಯ ಕೇಳಿಸಿಕೊಂಡಳು…

ಮರು ಗುರುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಹೆಸರು ಉಳಿಸಿಕೊಳ್ಳಲು ಹೋಗಿ ತಾನೇ ಕಳ್ಳ ತೂಕ ತೂಗಿದೆನಲ್ಲ ಎಂಬ ಸಂಕಟ ಅವಳನ್ನು ತಿನ್ನತೊಡಗಿತು. ಸರಿಯಿದ್ದುದನ್ನು ತಪ್ಪು ಅನ್ನುವುದೂ ಮೋಸವೇ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು?

ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ತಾನು ಬೇರೆ ಸರ್ಕಲ್ಲಿಗೆ ಹೋಗಿಬಿಟ್ಟರೆ ಅವನ ತಕ್ಕಡಿಗಳು ತನ್ನ ಮುಂದೆ ಬರುವುದಿಲ್ಲ. ಆಗ ಯಾವ ಬೈಲಪ್ಪನೂ ಏನೂ ಅನ್ನುವಂತಿಲ್ಲ. ಆಗ ಅವನ ಎದುರು ನಿಂತು ಎಲ್ಲ ಹೇಳಬಹುದು. ಮೇಲಧಿಕಾರಿ ಹಂಪಣ್ಣನವರ ಬಳಿ ಹೋಗಿ, ಕೆ.ಆರ್. ಪುರಂ ಆದರೆ ಮನೆಗೆ ಹತ್ತಿರ ಸಾರ್ ಎಂದಳು. ನಿವೃತ್ತಿಗೆ ಹತ್ತಿರವಿದ್ದ ಆ ಒಳ್ಳೆಯ ಮನುಷ್ಯ ಮರುಮಾತಿಲ್ಲದೆ ವರ್ಗ ಮಾಡಿಸಿಕೊಟ್ಟರು.

ಆರ್ಡರ್ ಕೈಗೆ ಬಂದ ಮಧ್ಯಾಹ್ನವೇ ಸುಕನ್ಯ ಶಿವಾಜಿನಗರದ ಆ ಗಲ್ಲಿಗೆ ಓಡಿದಳು.

ಅಂಗಡಿಗೆ ಬೀಗ.

ಪಕ್ಕದಲ್ಲಿ ಮೊಟ್ಟೆ ಅಂಗಡಿ ಇಟ್ಟಿದ್ದ ಮುನಾವರ್ ಅವಳನ್ನು ಗುರುತಿಸಿದ. ಕೂರಿ ಅನ್ನಲಿಲ್ಲ.

“ಭಗವಾನ್ ಭಾಯ್ ಚಲಾ ಗಯಾ ಮೇಡಂ. ಎಲ್ಲಿಗೆ ಅಂತ ಹೇಳಿಲ್ಲ. ಇನ್ಸ್‌ಪೆಕ್ಟ್ರೇ ವಾಪಸ್ ಹಾಕಿದ ಮೇಲೆ ಅವರ ಕೈಗೆ ಯಾರು ತಕ್ಕಡಿ ಕೊಡ್ತಾರೆ?” ಮೊಟ್ಟೆ ಜೋಡಿಸುತ್ತಲೇ ಸೇರಿಸಿದ. “ಯಾರನ್ನೂ ಬೈಲಿಲ್ಲ. ನಿಮ್ಮನ್ನೂ ಬೈಲಿಲ್ಲ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು…

ಮಳೆಗಾಲ ಹೋಯಿತು, ಚಳಿ ಬಂತು. ಕೆ.ಆರ್. ಪುರಂ ಕೆಲಸ ಹಗುರವಾಗಿತ್ತು, ಮನೆಯೂ ಹತ್ತಿರ. ಸುಕನ್ಯ ಮಾತ್ರ ಬಡವಾದಳು. ಪಟಾಲಮ್ಮ ಗಂಡು ನೋಡುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಆಫೀಸಿನ ಕೆಲಸಕ್ಕೆ ಬೈಯಪ್ಪನಹಳ್ಳಿಯ ಕಡೆ ಹೋಗಲಿ, ಪುಲಿಕೇಶಿನಗರಕ್ಕೆ ಹೋಗಲಿ, ದಾರಿಯಲ್ಲಿ ಕಂಡ ತಳ್ಳುಗಾಡಿಯ ಮುಂದೆಲ್ಲ ಅವಳ ಕಾಲು ನಿಲ್ಲುತ್ತಿತ್ತು. ಇನ್ಸ್‌ಪೆಕ್ಟರ್ ಮುದ್ರೆ ಹುಡುಕುತ್ತಿದ್ದಾರೆಂದು ಗಾಡಿಯವರು ಹೆದರುತ್ತಿದ್ದರು. ಅವಳು ನೋಡುತ್ತಿದ್ದದ್ದು ಕೊಕ್ಕೆಯನ್ನು.

ಎಲ್ಲ ಕೊಕ್ಕೆಗಳೂ ಹೊರಕ್ಕೇ ಬಾಗಿದ್ದವು.

ಅವನೂ ನನ್ನನ್ನು ನೆನೆಯುತ್ತಾನಾ? ನೆನೆದರೂ ಯಾವ ಸುಕನ್ಯಳನ್ನು? ಉಸಿರು ಹಿಡಿಸಿದವಳನ್ನೋ, ಮುಖ ನೋಡದೆ ತಕ್ಕಡಿ ದೂಡಿದವಳನ್ನೋ?

ಕೆ.ಆರ್. ಪುರಂ ಸಂತೆಯ ದಿನ ಮುದ್ರೆಯ ಶಿಬಿರ ನಡೆಯಿತು. ಸಂತೆ ಮೈದಾನದ ಪಕ್ಕದ ಶಾಲೆಯ ಕೋಣೆಯಲ್ಲಿ ಮೇಜು ಹಾಕಿದ್ದರು. ಉಸ್ತುವಾರಿಗೆ ಹಂಪಣ್ಣನವರೂ ಬಂದು ಕುರ್ಚಿಯಲ್ಲಿ ಕೂತಿದ್ದರು.

ಹೊತ್ತು ಏರಿತ್ತು. ಸೊಪ್ಪು ಮಾರುವ ಭೀಮಬಾಯಿ ಎಂಬ ಮುದುಕಿ ತನ್ನ ತಕ್ಕಡಿಯನ್ನು ಮೇಜಿನ ಮೇಲಿಟ್ಟಳು. ಸುಕನ್ಯ ಅದನ್ನು ಎತ್ತಿ ನೇತುಹಾಕಲು ಹೋದಳು.

ಬೆರಳಿಗೆ ಏನೋ ತಾಕಿತು.

ಒಳಕ್ಕೆ ಮಡಿಚಿದ ಕೊಕ್ಕೆ.

ಅವಳ ಕೈ ಅಲ್ಲೇ ನಿಂತಿತು. ಇದನ್ನು ಯಾರು ರಿಪೇರಿ ಮಾಡಿದರು ಎಂದು ಕೇಳುವಾಗ ಧ್ವನಿ ಅವಳದೇ ಅನಿಸಲಿಲ್ಲ.

“ನಮ್ಮ ಕಡೀ ಹುಡುಗ ರೀ ಯವ್ವಾ. ಹೋದ ವಾರದಿಂದ ಇಲ್ಲೇ ಸಂತ್ಯಾಗ ಕುಂಡರ್ತಾನ. ಅಗಾ, ಬಾಗಿಲದಾಗ ನಿಂತಾನಲ್ರಿ.”

ಬಾಗಿಲಲ್ಲಿ ಭಗವಂತರಾಯ ನಿಂತಿದ್ದ. ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು. ಕಣ್ಣು ಮಾತ್ರ ಅದೇ…

ಅವನು ಮುಂದೆ ಬಂದ. ಧ್ವನಿ ಏರಿಸಲಿಲ್ಲ.

“ಇಲ್ಲಿಗೂ ಬಂದ್ರ್ಯಾ ಮೇಡಂ? ಇನ್ನ ಎಲ್ಲಿಗಿ ಹೋಗ್ಲಿರಿ ನಾ?” ಮೇಜಿನ ಮೇಲಿದ್ದ ತಕ್ಕಡಿಯತ್ತ ಕೈ ತೋರಿಸಿದ. “ನನ್ನ ಮ್ಯಾಲಿನ ಸಿಟ್ಟು ಈ ಮುದುಕಿ ಮ್ಯಾಲ ಹಾಕಬ್ಯಾಡ್ರಿ. ಇದೊಂದೇ ಆಕಿ ಹೊಟ್ಟಿಗಿ ದಾರಿ. ತಕ್ಕಡಿ ನೆಟ್ಟಗದ.”

ಸಾಲಿನವರು ಕತ್ತು ಚಾಚಿದರು.

ಒಪ್ಪಿ ಮುದ್ರೆ ಒತ್ತಿದರೆ ಅದೇ ಹಳೇ ಮಾತು. ವಾಪಸು ಕಳಿಸಿದರೆ ಅದೇ ಹಳೇ ಅನ್ಯಾಯ. ಸುಕನ್ಯ ಮುದ್ರೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಹಂಪಣ್ಣನವರ ಕಡೆ ತಿರುಗಿದಳು.

“ಸಾರ್, ಈ ತಕ್ಕಡಿ ನಾನು ನೋಡಬಾರದು. ನೀವೇ ನೋಡಬೇಕು.”

“ಯಾಕಮ್ಮಾ?”

“ಇದನ್ನ ರಿಪೇರಿ ಮಾಡಿದವರನ್ನ ಮದುವೆ ಆಗಬೇಕು ಅಂತ ನನಗೆ ಆಸೆ ಇದೆ ಸಾರ್.” ಕುತ್ತಿಗೆಯವರೆಗೂ ಬಿಸಿ ಏರಿತು. ಆದರೂ ನಿಲ್ಲಿಸಲಿಲ್ಲ. “ಅವರು ಏನಂತಾರೋ ಗೊತ್ತಿಲ್ಲ. ನನ್ನ ಮನಸ್ಸು ಇದು. ಅದಕ್ಕೆ ನನ್ನ ಕೈಯಿಂದ ಇದಕ್ಕೆ ಮುದ್ರೆ ಬೀಳಬಾರದು.”

ಭೀಮಬಾಯಿ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಂಪಣ್ಣನವರು ಕನ್ನಡಕ ತೆಗೆದು ಒರೆಸಿದರು. “ವರ್ಗ ಕೇಳಿದ್ದು ಇದಕ್ಕೇನಮ್ಮಾ? ಅವತ್ತೇ ಒಂದು ಮಾತು ಹೇಳಿದ್ರೆ ಈತನ ತಕ್ಕಡಿಗಳನ್ನ ಪಕ್ಕದ ಸರ್ಕಲ್‌ನವರ ಕೈಲಿ ನೋಡಿಸ್ತಿದ್ದೆನಲ್ಲ. ಇಬ್ಬರೂ ಹೀಗೆ ಊರು ಸುತ್ತೋದು ತಪ್ತಿತ್ತು.”

ಇಷ್ಟು ಸುಲಭವಿತ್ತೇ? ಬಾಯಿ ಬಿಟ್ಟಿದ್ದರೆ ಸಾಕಿತ್ತೇ? ಸುಕನ್ಯಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಂಪಣ್ಣನವರು ಎದ್ದು ಬಂದು ತಕ್ಕಡಿ ತೂಗುಹಾಕಿದರು. ಎರಡೂ ತಟ್ಟೆಗೆ ಇಲಾಖೆಯ ಹಿತ್ತಾಳೆ ಕಲ್ಲು ಇಟ್ಟರು. ಮುಳ್ಳು ಅತ್ತ ಹೋಗಿ, ಇತ್ತ ಬಂದು, ನಡುವೆ ನಿಂತಿತು. ಅವರು ಮುದ್ರೆ ಒತ್ತಿದರು. ಭೀಮಬಾಯಿ ದಂಡವನ್ನು ಹೆಬ್ಬೆರಳಿನಿಂದ ಒಮ್ಮೆ ತಡವಿ ನೋಡಿಕೊಂಡು ತಕ್ಕಡಿಯನ್ನು ಬಗಲಿಗೆ ಸೇರಿಸಿದಳು. ಅದನ್ನು ನೋಡಿದ ಸುಕನ್ಯಳ ಕಣ್ಣು ತುಂಬಿತು.

ಊಟದ ಬಿಡುವಿನಲ್ಲಿ ಅವಳು ಶಾಲೆಯ ಹೊರಗೆ ಬಂದಳು. ಹುಣಸೆ ಮರದ ಕೆಳಗೆ ಅವನು ಕಾಯುತ್ತಿದ್ದ.

“ಆ ತಕ್ಕಡಿಗಳೂ ಸರಿ ಇದ್ವು,” ಅಂದಳು. “ಎಲ್ಲವೂ. ನಿಮ್ಮ ಕೈ ಮೇಲೆ ನನಗೆ ಅನುಮಾನ ಇರ್ಲಿಲ್ಲ. ನನ್ನ ಕಣ್ಣಿನ ಮೇಲೇ ಇತ್ತು. ಜನ ಆಡ್ಕೊಂಡ್ರು ಅಂತ ನಿಮಗೆ ಅನ್ಯಾಯ ಮಾಡ್ಬಿಟ್ಟೆ.”

ಅವನು ನೆಲ ನೋಡುತ್ತ ಕೇಳಿಸಿಕೊಂಡ.

“ಊರು ಬಿಟ್ಟದ್ದಕ್ಕ ನೋವಾಗ್ಲಿಲ್ರಿ. ನೀವು ನನ್ನ ಕೆಲಸಾನ ಸುಳ್ಳಂತ ತಿಳಿದ್ರಿ ಅಂದ್ಕೊಂಡೆ. ಅದು… ಅದು ತಡೀಲಿಕ್ಕಾಗ್ಲಿಲ್ಲ.”

“ನಾಳೆ ಶಿವಾಜಿನಗರಕ್ಕೆ ಹೋಗೋಣ. ಮುನಾವರ್ ಮುಂದೆ, ಆ ಬೈಲಪ್ಪನ ಮುಂದೆ, ತಪ್ಪು ನನ್ನದು ಅಂತ ಹೇಳ್ತೀನಿ.”

“ಅಷ್ಟೆಲ್ಲ ಯಾಕ್ರಿ…”

“ಹೇಳ್ಬೇಕು. ಹೇಳದೇ ಇದ್ದದ್ದಕ್ಕೇ ಇಷ್ಟೆಲ್ಲ ಆಗಿದ್ದು.”

ಚಹಾದ ಕ್ಯಾನು ಹೊತ್ತವನೊಬ್ಬ ಸಂತೆಯಿಂದ ಆ ಕಡೆ ಬಂದ. ಸುಕನ್ಯ ಅವನನ್ನು ಕರೆದು, ತನ್ನ ಪರ್ಸಿನಿಂದಲೇ ಚಿಲ್ಲರೆ ಕೊಟ್ಟು ಎರಡು ಲೋಟ ತೆಗೆದುಕೊಂಡಳು. ಒಂದನ್ನು ಭಗವಂತರಾಯನತ್ತ ಚಾಚಿದಳು.

ಅವನು ಲೋಟ ಹಿಡಿದು ಹಾಗೇ ನಿಂತ. ತುಟಿ ಬಿಗಿದಿತ್ತು, ಎದೆ ಅಲುಗುತ್ತಿರಲಿಲ್ಲ.

“ಯಾಕೆ ಹಾಗೆ ನಿಂತ್ರಿ? ಬಿಸಿ ಇದೆ, ಕುಡೀರಿ.”

“ಉಸಿರು ಬಿಡಬ್ಯಾಡ ಅಂದಿದ್ರಲ್ರಿ ಅವತ್ತು,” ಅಂದ ಮೆಲ್ಲಗೆ. “ಇನ್ನೂ ಬಿಟ್ಟಿಲ್ಲ ನಾ.”

ಸುಕನ್ಯ ನಕ್ಕಳು. ಕಣ್ಣೀರು ಲೋಟದೊಳಗೆ ಬೀಳದಂತೆ ಮುಖ ತಿರುಗಿಸಿ, ಮತ್ತೆ ಅವನತ್ತ ನೋಡಿದಳು.

“ಈಗ ಬಿಡಿ. ಮುಳ್ಳು ನಿಂತಿದೆ.”

ಅವನು ದೀರ್ಘವಾಗಿ ಉಸಿರು ಬಿಟ್ಟ. ಲೋಟದ ಹಬೆ ಅತ್ತಿತ್ತ ಚದುರಿತು.

“ನೀವು ಮೊದಲು ಕುಡೀರಿ… ಸುಕನ್ಯಾ.”